ಎರಡು ಕೋರ್ಸ್ ಮುಗಿದರೂ ಖಾಲಿ ಪುಟದ ಮುಂದೆ ಕೈ ಓಡದಿದ್ದಾಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.)

ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಬಿ.ಕಾಂ. ಪದವೀಧರೆ, ವಯಸ್ಸು 23. ವೆಬ್ ಪುಟಗಳಿಗೆ ಪ್ರೋಗ್ರಾಂ ಬರೆಯುವ ಭಾಷೆ ಜಾವಾಸ್ಕ್ರಿಪ್ಟ್ ಕಲಿಯಲು ಎರಡು ವಿಡಿಯೊ ಕೋರ್ಸ್ ನೋಡಿ ಮುಗಿಸಿದ್ದರು. ಮೂರನೆಯದಕ್ಕೆ ದುಡ್ಡು ಕಟ್ಟುವ ಮುಂಚೆ ನಮ್ಮ ಬಳಿ ಸಲಹೆಗೆ ಬಂದರು. “ನೋಡೂತನ ಎಲ್ಲಾ ತಿಳಿತೈತ್ರಿ, ಖಾಲಿ ಪೇಜ್ ಮುಂದ ಕುಂತ್ರ ಕೈನ ಓಡಂಗಿಲ್ರಿ.” ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಇದಕ್ಕೆ ಕಾರಣ ಎಂದು ಅವರು ನಂಬಿದ್ದರು.

ಅದು ಕಾರಣವಲ್ಲ. ಜಾವಾಸ್ಕ್ರಿಪ್ಟಿನ ಮೂಲ ಪದಗಳು ಐವತ್ತರ ಆಸುಪಾಸು, ಆರಂಭಕ್ಕೆ ಅದರ ಕಾಲುಭಾಗ ಸಾಕು. ಅವರು ಬೇರೆಯವರ ಕೋಡ್ (ಪ್ರೋಗ್ರಾಂ ಸಾಲುಗಳು) ನೋಡಿ ಬರೆದಿದ್ದರೇ ಹೊರತು ತಮ್ಮದೇ ಲೆಕ್ಕವೊಂದನ್ನು ಕೋಡ್‌ಗೆ ಇಳಿಸಿರಲಿಲ್ಲ. ಮೂರನೇ ಕೋರ್ಸ್ ಬೇಡ, ಪೈಥಾನ್ ಎಂಬ ಇನ್ನೊಂದು ಭಾಷೆಗೆ ಜಿಗಿಯುವುದೂ ಬೇಡ ಎಂದೆವು. ದಿನಕ್ಕೆ ಒಂದು ಗಂಟೆ: ಹದಿನೈದು ನಿಮಿಷ ಪಾಠ, ಆಮೇಲೆ ವಿಡಿಯೊ ಮುಚ್ಚಿ ನೆನಪಿನಿಂದಲೇ ಬರೆಯುವುದು. ಬ್ರೌಸರ್ ಮತ್ತು ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್ ಇದ್ದರೆ ಆಯಿತು, ಎರಡೂ ಉಚಿತ. ಬ್ರೌಸರಿನಲ್ಲಿ ಎಫ್12 ಒತ್ತಿ ಕನ್ಸೋಲ್ ಟ್ಯಾಬ್ ಆರಿಸಿದರೆ ತಪ್ಪುಗಳನ್ನು ತೋರಿಸುವ ಜಾಗ ತೆರೆಯುತ್ತದೆ. ಅಲ್ಲಿ ಕಾಣುವ ಕೆಂಪು ಸಾಲಿನ ಕೊನೆಯಲ್ಲಿ ತಪ್ಪು ಎಷ್ಟನೇ ಸಾಲಿನಲ್ಲಿದೆ ಎಂಬುದೂ ಇರುತ್ತದೆ.

ಮೊದಲ ಕೆಲಸವಾಗಿ ಅವರು ದಿನವೂ ನೋಡುವ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಚೀಟಿಯನ್ನೇ ಕೊಟ್ಟೆವು. ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಕ್ವಿಂಟಲ್ ದರ, ಹೀಗೆ ಮೂರು ಖಾನೆ, ಒಂದು ಬಟನ್. ಹಂತಗಳನ್ನು ಮೊದಲು ಕಾಗದದ ಮೇಲೆ ಕನ್ನಡದಲ್ಲಿ ಬರೆಯಬೇಕು: ಕಳೆ, 100ರಿಂದ ಭಾಗಿಸು, ದರದಿಂದ ಗುಣಿಸು. ನಿವ್ವಳ 8,240 ಕಿಲೊ, ದರ 2,300 ಆದರೆ ಉತ್ತರ 1,89,520 ಬರಬೇಕು.

ಇದು ಸರಿಯಾಗಿಯೇ ಬಂತು. ಎರಡು ಲಾರಿಯ ತೂಕವನ್ನು ಎರಡು ಖಾನೆಗೆ ತುಂಬಿ ಕೂಡಿಸಲು ಹೋದಾಗ ಎಡವಟ್ಟಾಯಿತು: 8240ಕ್ಕೆ 7960 ಕೂಡಿಸಿದರೆ 82407960! ಖಾನೆಯಲ್ಲಿ ತುಂಬಿದ್ದು ಕೋಡ್‌ಗೆ ಅಂಕಿಯಾಗಿ ಅಲ್ಲ, ಅಕ್ಷರಗಳ ಸಾಲಾಗಿ ತಲುಪುತ್ತದೆ. ಮೈನಸ್ ಚಿಹ್ನೆ ಅದನ್ನು ತಾನೇ ಅಂಕಿಯಾಗಿಸಿಕೊಳ್ಳುತ್ತದೆ, ಪ್ಲಸ್ ಮಾತ್ರ ಅಕ್ಷರಗಳನ್ನು ಪಕ್ಕಪಕ್ಕ ಜೋಡಿಸುತ್ತದೆ. ಹೊಸಬರಿಗೆ ಅತಿ ಹೆಚ್ಚು ಮೋಸ ಮಾಡುವ ಜಾಗ ಇದೇ, ಯಾಕೆಂದರೆ ಅರ್ಧ ಲೆಕ್ಕ ಸರಿಯಾಗಿಯೇ ಬರುತ್ತಿರುತ್ತದೆ. ಪ್ರತಿ ಖಾನೆಯ ಬೆಲೆಯನ್ನೂ ಓದಿದ ಕೂಡಲೇ ‘ನಂಬರ್’ (Number) ಫಂಕ್ಷನ್ನಿಗೆ, ಅಂದರೆ ಅಕ್ಷರಗಳನ್ನು ಅಂಕಿಯಾಗಿಸುವ ಸಿದ್ಧ ಆಜ್ಞೆಗೆ, ಹಾಕಿ ಎಂದೆವು. ಖಾನೆ ಖಾಲಿ ಬಿಟ್ಟರೆ ಅದು ತಪ್ಪು ತೋರಿಸದೆ ಸುಮ್ಮನೆ ಸೊನ್ನೆ ಕೊಡುತ್ತದೆ, ಹಾಗಾಗಿ ಖಾಲಿ ಇದೆಯೇ ಎಂದು ಮೊದಲೇ ನೋಡಬೇಕು.

ಮುಂದಿನ ಭೇಟಿಯಲ್ಲಿ ಅವರೇ ಒಂದು ಪ್ರಶ್ನೆ ತಂದರು: ಹಮಾಲರ ಮೇಸ್ತ್ರಿ ಕನ್ನಡ ಕೀಬೋರ್ಡಿನಲ್ಲಿ ೮೨೪೦ ಎಂದು ಒತ್ತಿದರೆ ‘ನ್ಯಾನ್’, ಅಂದರೆ ಅಂಕಿಯಲ್ಲ ಎಂಬ ಉತ್ತರ ಬರುತ್ತದೆ, ಏನು ಮಾಡಲಿ? ಖಾನೆಯನ್ನು ಟೆಕ್ಸ್ಟ್ ಆಗಿಯೇ ಇಟ್ಟುಕೊಳ್ಳಿ. ಯೂನಿಕೋಡ್ ಎಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ (ಅದರ ಕೋಡ್) ಕೊಡುವ ಪದ್ಧತಿ. ಅದರಲ್ಲಿ ೦ಯಿಂದ ೯ರವರೆಗೆ ಕೋಡ್ 3302ರಿಂದ 3311, ಸಾಲಾಗಿವೆ. ಒಂದೊಂದು ಕನ್ನಡ ಅಂಕಿಯ ಕೋಡ್‌ನಿಂದಲೂ 3302 ಕಳೆದರೆ ಅದರ ಬೆಲೆ ಸಿಗುತ್ತದೆ. ಅವನ್ನು ಮತ್ತೆ ಜೋಡಿಸಿ ‘ನಂಬರ್’ಗೆ ಕೊಡಿ. ಇದನ್ನು ಬರೆಯಲು ಬೇಕಾದ ಲೂಪ್, ಅಂದರೆ ಒಂದೇ ಹಂತವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್, ಈ ವಾರದ ಪಾಠ.