ಕಾಲು ಇಂಚಿಗೆ ಯಾಕಿಷ್ಟು ಹೆದರಿಕೆ?

‘ಹೌಸ್ ಆಫ್ ಲೀವ್ಸ್’ (2000) ಕಾದಂಬರಿಯಲ್ಲಿ ಮನೆಯ ಒಳಗಿನ ಅಗಲ ಹೊರಗಿನದಕ್ಕಿಂತ ಕಾಲು ಇಂಚು ಜಾಸ್ತಿ ಬಂದರೆ ಏನು ಮಹಾ, ಅಳೆದದ್ದೇ ತಪ್ಪಿರಬಹುದಲ್ವಾ ಅಂತ ಕೇಳಿದ್ದೀರಿ.

ನ್ಯಾಯವಾದ ಪ್ರಶ್ನೆ. ಕಾಲು ಇಂಚು ಅಂದರೆ ಸುಮಾರು 6 ಮಿಲಿಮೀಟರ್. ಮೂವತ್ತು ಅಡಿ ದಾಟುವ ಅಗಲವನ್ನು ಟೇಪ್ ಹಿಡಿದು ಅಳೆದರೆ ಅಷ್ಟು ಹೆಚ್ಚುಕಮ್ಮಿ ಆಗೇ ಆಗುತ್ತೆ. ನಮ್ಮ ಮೇಸ್ತ್ರಿಗಳಾದರೆ ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ! ಲೇಖಕ ಡ್ಯಾನಿಯೆಲೆವ್ಸ್ಕಿ ಬೇಕಂತಲೇ ಇಷ್ಟು ಚಿಕ್ಕ ಸಂಖ್ಯೆ ಇಟ್ಟಿದ್ದಾರೆ ಅನ್ನಿಸುತ್ತೆ. ಆ ಮನೆಯ ಯಜಮಾನ ನೇವಿಡ್‌ಸನ್ ಕೂಡ ಮೊದಲು ಟೇಪನ್ನೇ ಅನುಮಾನಿಸುತ್ತಾನೆ. ಮತ್ತೆ ಅಳೆಯುತ್ತಾನೆ, ಅವಳಿ ಸೋದರನನ್ನು ಕರೆಸುತ್ತಾನೆ, ಕೊನೆಗೆ ಇಂಜಿನಿಯರ್ ಒಬ್ಬ ಲೇಸರ್ ಮೀಟರ್ ತರುತ್ತಾನೆ. ಉಪಕರಣ ಚೆನ್ನಾದಷ್ಟೂ ದೋಷ ಕಮ್ಮಿ ಆಗಬೇಕು. ಇಲ್ಲಿ ವ್ಯತ್ಯಾಸ ಹೋಗುವುದೇ ಇಲ್ಲ. ಅಷ್ಟರಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ ಪುಸ್ತಕಗಳು ಕಪಾಟಿನ ಅಂಚಿನಿಂದ ದಬದಬ ಬೀಳುತ್ತವೆ. ಯಾಕಂದರೆ ಆ ಗೋಡೆ ಈಗ ಅಲ್ಲಿಲ್ಲ. ಅಳೆಯುವ ವಸ್ತು ಸುಮ್ನೆ ನಿಂತಿರುತ್ತೆ ಅಂತ ನಂಬಿಯೇ ತಾನೇ ನಾವು ಟೇಪ್ ಹಿಡಿಯೋದು?

ಮುಂದೆ ಗೋಡೆಯ ಚೂರುಗಳ ಲ್ಯಾಬ್ ಪರೀಕ್ಷೆಯೂ ಬರುತ್ತೆ. ಅಲ್ಲಿ ಮಾಹಿತಿ ಇರಬೇಕಾದ ಕಡೆ ಸಾಲು ಸಾಲಾಗಿ ‘ಎಕ್ಸ್’ ಅಕ್ಷರಗಳು. ನನಗದು ಸ್ವಲ್ಪ ಅತಿಯಾಯ್ತು ಅನ್ನಿಸಿತು. ಕಪಾಟಿನ ಪುಟವೇ ಜಾಸ್ತಿ ಹೆದರಿಸಿತು.