ಕಾಲುವೆಯ ಪಕ್ಕ, ದ್ರಾಕ್ಷಿಯ ನಡುವೆ

ಪ್ರಶ್ನೆ: ಮಗಳು ಫ್ರಾನ್ಸಿನ ಟುಲೂಸ್‌ನಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ಹೋಗುತ್ತಿದ್ದೇನೆ. ನನಗೆ 61 ವರ್ಷ. ವಾಹನಗಳ ಕಾಟವಿಲ್ಲದೆ ದ್ರಾಕ್ಷಿತೋಟಗಳ ನಡುವೆ ಸೈಕಲ್ ಹೊಡೆಯುವ ಆಸೆ. ಆದೀತೇ?
– ಓದುಗರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಆಗುತ್ತದೆ, ಹೋಗಿ ಬನ್ನಿ. ನನ್ನ 58ನೇ ವಯಸ್ಸಿನಲ್ಲಿ ನಾನು ತುಳಿದ ದಾರಿ ಅದು. 1681ರಲ್ಲಿ ಮುಗಿದ, 240 ಕಿ.ಮೀ. ಉದ್ದದ ಕನಾಲ್ ದ್ಯು ಮಿದಿ ಎಂಬ ದೋಣಿ ಕಾಲುವೆ ಟುಲೂಸ್‌ನಿಂದಲೇ ಹೊರಡುತ್ತದೆ. ದಂಡೆಯ ದಾರಿ ಮೊದಲ 50 ಕಿ.ಮೀ. ಒಳ್ಳೆಯ ಡಾಂಬರು, ಆದರೆ ಅಲ್ಲಿ ಗೋಧಿ, ಸೂರ್ಯಕಾಂತಿ ಹೊಲಗಳೇ ಹೆಚ್ಚು. ದ್ರಾಕ್ಷಿ ಬೇಕೆಂದರೆ ರೈಲಿನಲ್ಲಿ ಕಾರ್ಕಸೋನ್ ಪಟ್ಟಣ ದಾಟಿ ಹೋಗಿ.

ಆರ್ಜಾನ್ ಊರಿನಿಂದ ಬೆಜಿಯೆಯವರೆಗೆ ಸುಮಾರು 54 ಕಿ.ಮೀ. ಕಾಲುವೆಗೆ ದೋಣಿಗಳನ್ನು ಏರಿಸಿ ಇಳಿಸುವ ತೂಬುಬಾಗಿಲು ಒಂದೂ ಇಲ್ಲ. ಕಾಲುವೆ ಕಟ್ಟಿಸಿದ ಪಿಯೆರ್ ಪಾಲ್ ರಿಕೆ ನೀರನ್ನು ಗುಡ್ಡಗಳ ಮಗ್ಗುಲಲ್ಲೇ ಬಳಸಿ ಒಂದೇ ಮಟ್ಟದಲ್ಲಿ ಒಯ್ದಿದ್ದಾನೆ. ದಂಡೆಯಲ್ಲೇ ಹೋದರೆ ಏರು ಅನ್ನುವುದೇ ಇಲ್ಲ, ಮೊಣಕಾಲಿಗೆ ಹಬ್ಬ! ಆದರೆ ಅದು ಮಣ್ಣುದಾರಿ. ದಂಡೆಯುದ್ದಕ್ಕೂ ಸಾಲಾಗಿ ನೆಟ್ಟ ಪ್ಲೇನ್ ಎಂಬ ನೆರಳಿನ ಮರದ ಬೇರುಗಳು ಮಣಿಕಟ್ಟಿನಷ್ಟು ದಪ್ಪಕ್ಕೆ ಎದ್ದಿವೆ. ಸಣ್ಣ ಟೈರಾದರೆ ಪಕ್ಕದ ಹಳ್ಳಿ ರಸ್ತೆ ಹಿಡಿಯಿರಿ. ಅಲ್ಲಿ ನನಗೆ ಎದುರಾದದ್ದು ಹೆಚ್ಚಾಗಿ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರುಗಳು. ಟ್ರೇಲರಿನಿಂದ ತೊಟ್ಟಿಕ್ಕಿದ ರಸ ರಸ್ತೆಯುದ್ದಕ್ಕೂ ಅಂಟಂಟು ಗೆರೆ ಎಳೆದಿತ್ತು, ಅದರ ಮೇಲೆ ಕಣಜಗಳ ಸಾಲು.

ಶಿಲೀಂಧ್ರ ರೋಗ ಬಂದು ದಂಡೆಯ ಸಾವಿರಾರು ಪ್ಲೇನ್ ಮರ ಕಡಿದಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ನೆರಳು ನಂಬಬೇಡಿ, ಟೋಪಿ ಇರಲಿ. ಗಾಳಿ ಬಹುಪಾಲು ಪಶ್ಚಿಮದ್ದು, ಜೋರು; ಪೂರ್ವಕ್ಕೇ ತುಳಿಯಿರಿ. ಮಧ್ಯಾಹ್ನ ಹಳ್ಳಿ ಅಂಗಡಿಗಳು ಮುಚ್ಚಿರುತ್ತವೆ, ಬ್ರೆಡ್ಡು, ನೀರು 12ರೊಳಗೆ ಕೊಂಡುಬಿಡಿ. ಮತ್ತೆ, ಅಲ್ಲಿ ರಸ್ತೆಯ ಬಲಬದಿ!