ಹಿತ್ತಲ ಕೋಳಿಗೆ ಬರೀ ಕಾಳು ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ಆರು ಹೇಂಟೆ, ಒಂದು ಹುಂಜ. ನೈಸರ್ಗಿಕವಾಗಿ ಸಾಕೋಣ ಅಂತ ಎರಡು ತಿಂಗಳ ಹಿಂದೆ ಕೋಳಿಗೆಂದೇ ಕಲಸಿದ ಫೀಡ್ ಪೂರ್ತಿ ನಿಲ್ಲಿಸಿ, ಮೆಕ್ಕೆಜೋಳ, ಗೋಧಿ, ಅಡುಗೆಮನೆಯಲ್ಲಿ ಉಳಿದದ್ದು ಇಷ್ಟೇ ಹಾಕುತ್ತಿದ್ದೀರಿ. ಈಗ ಮೊಟ್ಟೆ ಕಡಿಮೆ, ಚಿಪ್ಪು ತೆಳು, ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನುತ್ತಿದೆ. ರೋಗ ಬಂದಿರಬಹುದಾ ಅಂತ ಕೇಳಿದ್ದೀರಿ.

ನನಗೆ ಇದು ಹಸಿವಿನ ಹಾಗೆ ಕಾಣುತ್ತಿದೆ. ಹೊಟ್ಟೆ ತುಂಬಿದ್ದರೂ ತೀರದ ಹಸಿವು.

ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದೆ. ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ ಮೊಟ್ಟೆ ಮೆತ್ತಗೆ ಸಿಕ್ಕಿತು. ಚಿಪ್ಪೇ ಇಲ್ಲ, ಬರೀ ತೆಳು ಪೊರೆ, ಇನ್ನೂ ಬೆಚ್ಚಗಿತ್ತು. ಬೆರಳು ತಾಗಿದ ಕಡೆ ತಗ್ಗು ಬಿತ್ತು. ಆ ಹೇಂಟೆ ಪಕ್ಕದಲ್ಲೇ ನಿಂತು ಅದನ್ನೇ ನೋಡುತ್ತಿತ್ತು. ದಿನಾ ಬೊಗಸೆ ತುಂಬ ಕಾಳು ಹಾಕುತ್ತಿದ್ದೆ, ಆದರೂ ಅದರ ಮೈಯಲ್ಲಿ ಚಿಪ್ಪು ಕಟ್ಟೋಕೆ ಏನೂ ಉಳಿದಿರಲಿಲ್ಲ. ಆವತ್ತು ತುಂಬಾ ಬೇಜಾರಾಯಿತು.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೆಕ್ಕೆಜೋಳದಲ್ಲಿ ಅದು ಇಲ್ಲ ಅಂದರೂ ತಪ್ಪಿಲ್ಲ. ಹೇಂಟೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ, ಅಲ್ಲೂ ಖಾಲಿಯಾದಾಗ ಚಿಪ್ಪು ತೆಳುವಾಗುತ್ತದೆ. ಪ್ರೋಟೀನ್ ಕಥೆಯೂ ಹೀಗೇ. ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಶೇ. 16ರಷ್ಟು ಪ್ರೋಟೀನ್ ಇರಬೇಕು, ಮೆಕ್ಕೆಜೋಳದಲ್ಲಿ ಇರೋದು ಶೇ. 8ರಿಂದ 9. ಪುಕ್ಕದ ಬಹುಪಾಲು ಪ್ರೋಟೀನೇ ಅಲ್ವಾ, ಅದಕ್ಕೇ ಪಕ್ಕದ ಕೋಳಿಯ ಪುಕ್ಕಕ್ಕೆ ಕೊಕ್ಕು ಹೋಗುತ್ತದೆ. ಇಕ್ಕಟ್ಟಾದ ಗೂಡು, ಮೈಮೇಲಿನ ಹೇನು ಕೂಡ ಇದಕ್ಕೆ ಕಾರಣ ಆಗಬಹುದು. ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಸರಿಸಿ ಒಮ್ಮೆ ನೋಡಿ. ಕೊಕ್ಕಿನ ಪೆಟ್ಟಿಗೆ ರಕ್ತ ಬಂದ ಕೋಳಿ ಇದ್ದರೆ ಇವತ್ತೇ ಬೇರೆ ಮಾಡಿ. ರಕ್ತ ಕಂಡರೆ ಉಳಿದವು ಬಿಡುವುದಿಲ್ಲ.

ಬರೀ ಕಾಳು ಹಾಕೋದು ನೈಸರ್ಗಿಕ ಅಲ್ಲವೇ ಅಲ್ಲ ಅಂತ ಈಗ ನನಗೆ ಅನಿಸುತ್ತದೆ. ಕೋಳಿಯನ್ನು ತಿಪ್ಪೆ ಮೇಲೆ ಬಿಟ್ಟು ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಎರಡು ಸಲ ಕೆದಕುತ್ತದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ, ಟಕ್ ಅಂತ ಎತ್ತುತ್ತದೆ. ಎತ್ತಿದ್ದು ಹುಳ, ಎಳೆ ಚಿಗುರು, ಗೆದ್ದಲು, ಎಲ್ಲೋ ಒಂದು ಬೀಜ. ಅದರ ಊಟ ಇದು. ಹಾಗಾಗಿ ಮಣ್ಣಲ್ಲಿ ಹುಳ ಹುಟ್ಟೋ ಹಾಗೆ ಮಾಡಿಕೊಡೋದೇ ನಮ್ಮ ಮುಖ್ಯ ಕೆಲಸ.

ನಾನು ಮಾಡೋದು ಹೇಳುತ್ತೇನೆ. ನೆರಳಿರುವ ಮೂಲೆಯಲ್ಲಿ ತರಗೆಲೆ, ಹುಲ್ಲು, ಸಗಣಿ ಗುಡ್ಡೆ ಹಾಕಿ ತೇವ ಇಡುತ್ತೇನೆ. ಎರಡು ಮೂರು ವಾರದಲ್ಲಿ ಅಡಿಯಲ್ಲಿ ಹುಳ ತುಂಬುತ್ತದೆ. ಕೋಳಿಗಳನ್ನು ದಿನಾ ಒಂದು ಹೊತ್ತು ಮಾತ್ರ ಅಲ್ಲಿಗೆ ಬಿಡುತ್ತೇನೆ, ಇಲ್ಲದಿದ್ದರೆ ಎರಡೇ ದಿನದಲ್ಲಿ ಎಲ್ಲ ಖಾಲಿ. ಗೆದ್ದಲು ಇರುವ ಜಾಗ ನಿಮ್ಮಲ್ಲಿದ್ದರೆ ಹಳೇ ಮಡಕೆಗೆ ಒದ್ದೆ ಹುಲ್ಲು, ಒಣ ಸಗಣಿ ತುಂಬಿ ಅಲ್ಲಿ ಬೋರಲು ಇಡಿ, ಮನೆ ಗೋಡೆಯಿಂದ ಮಾತ್ರ ದೂರ ಇರಲಿ. ಒಂದೆರಡು ದಿನ ಬಿಟ್ಟು ಎತ್ತಿ ಕೊಡವಿದರೆ ಕೋಳಿಗಳು ಎಲ್ಲಿದ್ದರೂ ಓಡಿ ಬರುತ್ತವೆ. ಮರಿಗಳಿಗಂತೂ ಇದು ಹಬ್ಬ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಹುಳ ಸಾಕಲು ಬಂದರೆ ಇನ್ನೂ ಒಳ್ಳೇದು, ಒಣಗಿಸಿದ ಹುಳದಲ್ಲಿ ಶೇ. 40ರ ಆಸುಪಾಸು ಪ್ರೋಟೀನ್ ಇರುತ್ತದೆ, ಕ್ಯಾಲ್ಸಿಯಮ್ಮೂ ಜಾಸ್ತಿ.

ಆದರೂ ಫೀಡ್ ಪೂರ್ತಿ ಬಿಡಬೇಡಿ. ಈ ಮಾತು ನಿಮಗೆ ಇಷ್ಟ ಆಗದೇ ಇರಬಹುದು. ಕಾಡುಕೋಳಿ ವರ್ಷಕ್ಕೆ ಇಡೋದು ಹತ್ತು ಹದಿನೈದು ಮೊಟ್ಟೆ, ಅದಕ್ಕೆ ಕಾಡಲ್ಲಿ ಕೆದಕಿದ್ದು ಸಾಕು. ನಿಮ್ಮ ಹೇಂಟೆ ಇನ್ನೂರು ಇನ್ನೂರೈವತ್ತು ಇಡುವ ಜಾತಿ ಆಗಿದ್ದರೆ ಹಿತ್ತಲು ಎಷ್ಟೇ ಚೆನ್ನಾಗಿರಲಿ, ಕೆದಕಿದ್ದರಲ್ಲೇ ಅಷ್ಟು ಮೊಟ್ಟೆ ಕೊಡಲು ಆಗದು. ಒಂದು ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಬೆಳಿಗ್ಗೆ ಎದ್ದಾಗ ಮೊದಲು ಸಮತೋಲನದ ಫೀಡ್ ಸಿಗಲಿ, ಆಮೇಲೆ ಹಿತ್ತಲು, ಸೊಪ್ಪು. ಕಾಳು ಸಂಜೆಗೆ ಒಂದು ಹಿಡಿ ಅಷ್ಟೇ, ಮೊಳಕೆ ಬರಿಸಿದ್ದಾದರೆ ಇನ್ನೂ ಒಳ್ಳೇದು. ಫೀಡ್ ಮನೆಯಲ್ಲೇ ಕಲಸುತ್ತೀರಾದರೆ ಸೋಯಾ ಹಸಿಯಾಗಿ ಹಾಕಬೇಡಿ, ಹುರಿದು ಅಥವಾ ಬೇಯಿಸಿ ಹಾಕಿ. ಹಸಿ ಸೋಯಾದ ಪ್ರೋಟೀನ್ ಮೈಗೆ ಹತ್ತುವುದಿಲ್ಲ.

ಮೊಟ್ಟೆ ಚಿಪ್ಪನ್ನು ಒಣಗಿಸಿ, ಸ್ವಲ್ಪ ಬಿಸಿ ಮಾಡಿ, ಒರಟಾಗಿ ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ಫೀಡಿಗೆ ಬೆರೆಸಬೇಡಿ. ಬೇಕಾದ ಹೇಂಟೆ ತಾನೇ ಬಂದು ತಿನ್ನುತ್ತದೆ, ಹುಂಜಕ್ಕೂ ಮರಿಗೂ ಅಷ್ಟು ಕ್ಯಾಲ್ಸಿಯಂ ಬೇಡ, ಮರಿಗಳ ಮೂತ್ರಪಿಂಡಕ್ಕೆ ಪೆಟ್ಟು. ಪಕ್ಕದಲ್ಲಿ ಇನ್ನೊಂದು ಬಟ್ಟಲು, ಅದರಲ್ಲಿ ಸಣ್ಣ ಗರಸು ಕಲ್ಲು. ಕೋಳಿಗೆ ಹಲ್ಲಿಲ್ಲ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಕಾಳು ಅರೆಯೋದು ಈ ಕಲ್ಲೇ. ಮೊಟ್ಟೆ ಚಿಪ್ಪು ಒಳಗೆ ಕರಗಿಬಿಡುತ್ತದೆ, ಹಾಗಾಗಿ ಕಲ್ಲಿನ ಕೆಲಸ ಮಾಡದು.

ಅಡುಗೆಮನೆ ಉಳಿಕೆ ಬಗ್ಗೆ ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಬೂಷ್ಟು ಹಿಡಿದದ್ದು ಕೋಳಿಗೆ ಬೇಡ. ಕಾಳಲ್ಲಿ ಬೂಷ್ಟಿನ ವಾಸನೆ ಬಂದರೂ ಎಸೆಯಿರಿ, ಆ ವಿಷ ನೇರ ಲಿವರಿಗೇ ಹೋಗುತ್ತದೆ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆ, ಬೆಣ್ಣೆಹಣ್ಣು, ಬೇಯಿಸದ ಒಣ ಹುರುಳಿಕಾಯಿ ಬೀಜ, ಚಾಕೊಲೇಟ್, ಉಪ್ಪು ಜಾಸ್ತಿ ಇರುವುದು ಯಾವುದೂ ಬೇಡ.

ಒಂದು ಅಭ್ಯಾಸ ಮಾಡಿಕೊಳ್ಳಿ. ಕತ್ತಲಾಗಿ ಕೋಳಿಗಳು ಕೂತ ಮೇಲೆ ಒಂದೊಂದರ ಕುತ್ತಿಗೆ ಬುಡವನ್ನು, ಎದೆಯ ಬಲಗಡೆ, ಮೆಲ್ಲಗೆ ಮುಟ್ಟಿ ನೋಡಿ. ತಿಂದದ್ದು ಮೊದಲು ಸೇರುವ ಮೇವಿನ ಚೀಲ ಅಲ್ಲಿರುತ್ತದೆ, ಅದು ನಿಂಬೆಹಣ್ಣಿಗಿಂತ ದೊಡ್ಡದಾಗಿ ತುಂಬಿದ್ದರೆ ಆ ದಿನ ಹೊಟ್ಟೆಗೆ ಸಿಕ್ಕಿದೆ. ಖಾಲಿ ಇದ್ದರೆ ಉಳಿದವು ಅದನ್ನು ತಿನ್ನಲು ಬಿಡುತ್ತಿಲ್ಲ, ಇಲ್ಲವೇ ಅದಕ್ಕೆ ಹುಷಾರಿಲ್ಲ. ಬೆಳಿಗ್ಗೆ ಆ ಚೀಲ ಖಾಲಿಯಾಗಿರಬೇಕು, ಗಟ್ಟಿಯಾಗಿ ಹಾಗೇ ಉಳಿದಿದ್ದರೆ ವೈದ್ಯರಿಗೆ ತೋರಿಸಿ. ಮುದುರಿ ಕೂರೋದು, ಹಿಕ್ಕೆಯಲ್ಲಿ ರಕ್ತ ಕಂಡರೂ ಅಷ್ಟೇ, ಕಾಯಬೇಡಿ.

ಫೀಡ್ ವಾಪಸ್ ಶುರು ಮಾಡುವಾಗ ಒಂದು ವಾರ ತಗೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಚಿಪ್ಪು ಬೇಗ ಗಟ್ಟಿಯಾಗುತ್ತದೆ. ಪುಕ್ಕಕ್ಕೆ ಮಾತ್ರ ಸಮಯ ಬೇಕು, ಮುರಿದು ಬುಡ ಉಳಿದ ಕಡೆ ಮುಂದಿನ ಸಲ ಪುಕ್ಕ ಉದುರಿ ಹೊಸದು ಬರುವವರೆಗೂ ಬೆನ್ನು ಬೋಳಾಗೇ ಕಾಣುತ್ತದೆ.